ಕರುಳಿನ ಕಾಯಿಲೆ ಇರೋ ಮಕ್ಕಳಿಗೆ ಲಸಿಕೆ: ಯಾವುದು ಹಾಕಿಸಬೇಕು, ಯಾವುದು ಹಾಕಿಸಬಾರದು?

ಚಿತ್ರದುರ್ಗ: ಮಗುವಿಗೆ ತಿಂಗಳುಗಟ್ಟಲೆ ಭೇದಿ, ಮಲದಲ್ಲಿ ರಕ್ತ, ತೂಕ ಏರ್ತಾ ಇಲ್ಲ. ದಾವಣಗೆರೆಗೋ ಬೆಂಗಳೂರಿಗೋ ಓಡಾಡಿ, ಕರುಳಿನ ಒಳಗೆ ಕ್ಯಾಮೆರಾ ಹಾಕಿ ನೋಡಿದ ಮೇಲೆ 'ಕ್ರೋನ್ಸ್' ಇಲ್ಲವೇ 'ಅಲ್ಸರೇಟಿವ್ ಕೊಲೈಟಿಸ್' ಅಂತ ಚೀಟಿಯಲ್ಲಿ ಬರೆದು ಕಳಿಸ್ತಾರೆ. ಮಾತ್ರೆ ಶುರುವಾಗುತ್ತೆ. ಅಷ್ಟರಲ್ಲಿ ಶಾಲೆಯಲ್ಲಿ ಯಾರಿಗೋ 'ಅಮ್ಮ' ಆಗಿದೆ ಅಂತ ಸುದ್ದಿ ಬರುತ್ತೆ. ಈಗ ಲಸಿಕೆ ಹಾಕಿಸ್ಬೇಕಾ, ಬೇಡ್ವಾ?

ಇಲ್ಲಿ ಎರಡು ತಪ್ಪು ಆಗ್ತವೆ. ಕಾಯಿಲೆ ಇದೆ ಅಂತ ಎಲ್ಲ ಲಸಿಕೆ ನಿಲ್ಲಿಸೋದು ಒಂದು. ಯಾವ ಮಾತ್ರೆ ನುಂಗ್ತಿದೆ ಅಂತ ಹೇಳದೆ ಸಿಕ್ಕಿದ ಲಸಿಕೆ ಹಾಕಿಸೋದು ಇನ್ನೊಂದು. ಎರಡೂ ಮಗುವಿನ ಜೀವಕ್ಕೆ ಅಪಾಯ ತರಬಹುದು.

ಮೊದಲೇ ಒಂದು ಮಾತು. ಎಲ್ಲ ಭೇದಿಯೂ ಈ ಕಾಯಿಲೆ ಅಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜನರ ಪ್ರಾಣ ತೆಗೆದಿದ್ದು ಕಲುಷಿತ ನೀರು. ಅದು ಸೋಂಕು, ಬಂದರೆ ಕೆಲವೇ ದಿನದ್ದು. ಕ್ರೋನ್ಸ್, ಕೊಲೈಟಿಸ್ ಹಾಗಲ್ಲ. ಇವುಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬಿದ್ದಿರುತ್ತೆ. ಅದನ್ನು ತಗ್ಗಿಸೋಕೇ ಸ್ಟೀರಾಯ್ಡ್, ಅಜಥಯೋಪ್ರಿನ್, ಮೆಥೊಟ್ರೆಕ್ಸೇಟ್, ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಕೊಡೋದು. ಕರುಳು ತಣ್ಣಗಾಗುತ್ತೆ, ಆದರೆ ವೈರಸ್ ಬಂದಾಗ ತಡೆಯೋ ಶಕ್ತಿಯೂ ಕಮ್ಮಿಯಾಗುತ್ತೆ. ಬರೀ ಮೆಸಲಮೈನ್ ತಗೋತಿರೋ ಮಕ್ಕಳಿಗೆ ಈ ಚಿಂತೆ ಅಷ್ಟಿಲ್ಲ.

ಜೀವಂತ ಲಸಿಕೆ, ನಿರ್ಜೀವ ಲಸಿಕೆ

ಲಸಿಕೆಯಲ್ಲಿ ಎರಡು ಜಾತಿ. ದಡಾರ-ರುಬೆಲ್ಲಾ, ಮಂಗನಬಾವು ಸೇರಿರೋ ಎಂಎಂಆರ್, ಚಿಕನ್‌ಪಾಕ್ಸ್, ಬಾಯಿಗೆ ಹಾಕೋ ಪೋಲಿಯೊ ಹನಿ, ರೋಟಾ ಹನಿ, ಇವುಗಳಲ್ಲಿ ದುರ್ಬಲ ಮಾಡಿದ ಜೀವಂತ ವೈರಸ್ ಇರುತ್ತೆ. ಶಕ್ತಿ ತಗ್ಗಿಸೋ ಔಷಧಿ ನಡೀತಿದ್ದಾಗ ಇವು ಸಾಮಾನ್ಯವಾಗಿ ಬೇಡ. ಹೆಪಟೈಟಿಸ್ ಬಿ, ಪೋಲಿಯೊ ಇಂಜೆಕ್ಷನ್, ಫ್ಲೂ ಇಂಜೆಕ್ಷನ್, ಎಚ್‌ಪಿವಿ, ರೇಬೀಸ್ ಇವು ನಿರ್ಜೀವ. ಇವನ್ನು ಔಷಧಿ ನಡೀತಿದ್ದಾಗಲೂ ಕೊಡಬಹುದು, ಕೊಡಿಸಲೇಬೇಕು. ಹೆಪಟೈಟಿಸ್ ಎ ಲಸಿಕೆ ಎರಡೂ ಥರದಲ್ಲಿ ಮಾರಾಟಕ್ಕಿದೆ, ಹಾಗಾಗಿ ತಗೊಳ್ಳೋವಾಗಲೇ ನಿರ್ಜೀವದ್ದೇ ಬೇಕು ಅಂತ ಕೇಳಿ.

ನಿಜವಾದ ಆಟ ಇರೋದು ಟೈಮಿಂಗ್‌ನಲ್ಲಿ. ಬಹಳಷ್ಟು ಮಕ್ಕಳಲ್ಲಿ ಈ ಕಾಯಿಲೆ ಗೊತ್ತಾಗೋದು ಶಾಲೆ ವಯಸ್ಸಿನಲ್ಲಿ. ಜೀವಂತ ಲಸಿಕೆ ಬಾಕಿ ಇದ್ದರೆ ಔಷಧಿ ಶುರು ಮಾಡೋಕೆ ಕನಿಷ್ಠ 4 ವಾರ ಮೊದಲು ಹಾಕಿಸಬೇಕು. ಆದರೆ ರಕ್ತ ಹೋಗ್ತಿರೋ ಮಗುವಿಗೆ ಲಸಿಕೆಗಾಗಿ ಚಿಕಿತ್ಸೆ ತಡ ಮಾಡೋ ಹಾಗಿಲ್ಲ. ಔಷಧಿ ನಿಲ್ಲಿಸಿದ ಮೇಲೆ ಕೊಡೋದಾದರೆ ಸಾಮಾನ್ಯವಾಗಿ 3 ತಿಂಗಳು ಬಿಡಬೇಕು. ಸ್ಟೀರಾಯ್ಡ್ ಮಾತ್ರ ಆಗಿದ್ದರೆ, ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ 14 ದಿನ ನುಂಗಿದ್ದರೆ ಕನಿಷ್ಠ ಒಂದು ತಿಂಗಳು ಕಾಯಬೇಕು. ಹತ್ತು ಕೆಜಿಗಿಂತ ಸಣ್ಣ ಮಕ್ಕಳಿಗೆ ತೂಕದ ಲೆಕ್ಕ, ಕೆಜಿಗೆ 2 ಮಿಲಿಗ್ರಾಂ. ಇದೆಲ್ಲ ತಜ್ಞರು ಲೆಕ್ಕ ಹಾಕೋ ವಿಷಯ. ಲಸಿಕೆಗಾಗಿ ಮನೆಯಲ್ಲೇ ಮಾತ್ರೆ ನಿಲ್ಲಿಸೋದು ದೊಡ್ಡ ತಪ್ಪು.

ಇನ್‌ಫ್ಲಿಕ್ಸಿಮಾಬ್ ಥರದ ಔಷಧಿಗೆ ಮೊದಲು ಹೆಪಟೈಟಿಸ್ ಬಿ ರಕ್ತಪರೀಕ್ಷೆ ಆಗಲೇಬೇಕು. ಒಳಗೆ ಅಡಗಿದ ವೈರಸ್ ಇದ್ದರೆ ಔಷಧಿ ಬಿದ್ದ ಮೇಲೆ ಎದ್ದು ಕೂತು ಲಿವರ್ ಕೆಡಿಸುತ್ತೆ. ಹುಟ್ಟಿದಾಗ ಹಾಕಿಸಿದ್ದೀವಿ ಅಂತ ಸುಮ್ಮನಿರೋಕಾಗಲ್ಲ, ವರ್ಷ ಕಳೆದಂತೆ ರಕ್ಷಣೆ ಇಳಿದಿರಬಹುದು. ಪ್ರತಿಕಾಯ 10ಕ್ಕಿಂತ ಕಮ್ಮಿ ಬಂದರೆ ಮತ್ತೆ ಡೋಸ್ ಬೇಕಾಗುತ್ತೆ.

ದಡಾರ-ರುಬೆಲ್ಲಾ ಲಸಿಕೆ 9 ತಿಂಗಳು ತುಂಬಿದ ಮೇಲೆ ಮತ್ತು 16ರಿಂದ 24 ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ತಾಯಿ ಕಾರ್ಡ್ ತೆಗೆದು ನೋಡಿದರೆ ಆಗಿದೆಯಾ ಇಲ್ವಾ ಗೊತ್ತಾಗುತ್ತೆ. ಕಾರ್ಡ್ ಕಳೆದಿದ್ದರೂ ಹೆದರಬೇಡಿ, ರಕ್ತಪರೀಕ್ಷೆ ಇದೆ. 2017ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ 9 ತಿಂಗಳಿಂದ 15 ವರ್ಷದ ಮಕ್ಕಳಿಗೆಲ್ಲ ಈ ಲಸಿಕೆ ಅಭಿಯಾನ ನಡೆದಿತ್ತು. ಆಗಲೂ ವಾಟ್ಸಾಪ್ ವದಂತಿಗೆ ಬರ ಇರಲಿಲ್ಲ. ಎಂಎಂಆರ್‌ನಿಂದಲೇ ಕರುಳಿನ ಕಾಯಿಲೆ, ಆಟಿಸಂ ಬರುತ್ತೆ ಅನ್ನೋ ಮಾತಿನ ಮೂಲ 1998ರಲ್ಲಿ ಲಂಡನ್‌ನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜೊತೆಗಾರರು ಬರೆದ ಲೇಖನ. 2010ರಲ್ಲಿ ಪತ್ರಿಕೆಯೇ ಅದನ್ನು ವಾಪಸ್ ತಗೊಂಡಿತು. ಲಸಿಕೆಯಿಂದ ಕಾಯಿಲೆ ಕೆರಳುತ್ತೆ ಅನ್ನೋದಕ್ಕೂ ಪುರಾವೆ ಸಿಕ್ಕಿಲ್ಲ.

ಚಿಕನ್‌ಪಾಕ್ಸ್, ಹೆಪಟೈಟಿಸ್ ಎ, ಫ್ಲೂ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು. ಹೊಸದುರ್ಗ, ಹೊಳಲ್ಕೆರೆ ಕಡೆಯವರು ದುರ್ಗದ ಮೆಡಿಕಲ್‌ನಲ್ಲಿ ತಗೊಂಡು ಬಸ್ಸಲ್ಲಿ ಊರಿಗೆ ಒಯ್ಯೋದಾದರೆ ಹುಷಾರು. ಲಸಿಕೆ 2ರಿಂದ 8 ಡಿಗ್ರಿ ತಂಪಲ್ಲೇ ಇರಬೇಕು. ಬಿಸಿಲಲ್ಲಿ ಜೇಬಲ್ಲಿಟ್ಟು ತಂದ ಲಸಿಕೆಯನ್ನು ನಂಬೋ ಹಾಗಿಲ್ಲ. ಅದಕ್ಕಿಂತ ಲಸಿಕೆ ಇಟ್ಟಿರೋ ಮಕ್ಕಳ ಡಾಕ್ಟರ ಹತ್ತಿರ ಅಲ್ಲೇ ಹಾಕಿಸಿಕೊಂಡು ಬರೋದು ವಾಸಿ.

ಮನೆಯವರೂ ಹಾಕಿಸಿಕೊಳ್ಳಬೇಕು

ಮಗುವಿಗೆ ಜೀವಂತ ಲಸಿಕೆ ಕೊಡೋಕಾಗದಿದ್ದರೆ ಸುತ್ತ ಇರೋರೇ ಗೋಡೆ. ಅಣ್ಣ ತಮ್ಮ ಅಕ್ಕ ತಂಗಿಯರಿಗೆ ದಡಾರ, ಚಿಕನ್‌ಪಾಕ್ಸ್ ಲಸಿಕೆ, ಅಪ್ಪ ಅಮ್ಮನಿಗೂ ಅಜ್ಜಿಗೂ ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್. ಪೋಲಿಯೊ ಹನಿ ವಿಷಯ ಬೇರೆ. ಹನಿ ಕುಡಿದ ಕೂಸಿನ ಮಲದಲ್ಲಿ ವಾರಗಟ್ಟಲೆ ವೈರಸ್ ಹೋಗ್ತಿರುತ್ತೆ. ಅದಕ್ಕೇ ಪಲ್ಸ್ ಪೋಲಿಯೊ ದಿನ ಬೂತ್‌ಗೆ ಹೋಗೋ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ 'ಮನೇಲಿ ಇಂಥ ಔಷಧಿ ತಗೊಳ್ಳೋ ಮಗು ಇದೆ' ಅಂತ ಹೇಳಿ. ಚಿಕ್ಕ ಕೂಸಿಗೆ ಇಂಜೆಕ್ಷನ್ ಕೊಡಬೇಕಾ ಅಂತ ಅವರು ನೋಡ್ತಾರೆ. ಹನಿ ಈಗಾಗಲೇ ಹಾಕಿಸಿದ್ದರೆ ಕೂಸನ್ನು ತೊಳೆದ ಮೇಲೆ ಸೋಪಿನಿಂದ ಕೈ ತೊಳೆಯೋದು ತಪ್ಪಿಸಬೇಡಿ.

ಶಾಲೆಯಲ್ಲೋ ಪಕ್ಕದ ಮನೆಯಲ್ಲೋ 'ಅಮ್ಮ' ಆದವರ ಹತ್ತಿರ ಮಗು ಇದ್ದಿದ್ದರೆ ಗುಳ್ಳೆ ಏಳೋವರೆಗೂ ಕಾಯಬೇಡಿ. ಬೇವಿನ ಸೊಪ್ಪು ಇಡೋದು ನಿಮ್ಮ ಇಷ್ಟ, ಆದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ರಕ್ಷಣೆಗೆ ಕೊಡೋ ಪ್ರತಿಕಾಯದ ಇಂಜೆಕ್ಷನ್ 96 ಗಂಟೆಯೊಳಗೆ ಕೊಟ್ಟರೆ ಒಳ್ಳೇದು, 10 ದಿನದವರೆಗೂ ಕೊಡಬಹುದು. ಅದು ಸಿಗದಿದ್ದರೆ ಅಸೈಕ್ಲೊವಿರ್ ಕೊಡೋದುಂಟು. ದಡಾರ ಆದವರ ಸಂಪರ್ಕಕ್ಕೆ ಬಂದಿದ್ದರೆ 6 ದಿನದೊಳಗೆ.

ನಾಯಿ ಕಚ್ಚಿದರೆ ಯಾವ ಔಷಧಿ ನಡೀತಿದ್ದರೂ ರೇಬೀಸ್ ಲಸಿಕೆ ನಿಲ್ಲಿಸೋ ಮಾತೇ ಇಲ್ಲ. ಗಾಯವನ್ನು 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಇಂಥ ಮಕ್ಕಳಿಗೆ ಸಣ್ಣ ಪರಚು ಗಾಯಕ್ಕೂ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುತ್ತೆ. ಮಗು ನುಂಗೋ ಮಾತ್ರೆಯ ಚೀಟಿ ತೋರಿಸದಿದ್ದರೆ ಅಲ್ಲಿರೋ ಡಾಕ್ಟರಿಗೆ ಅದು ಗೊತ್ತಾಗಲ್ಲ.