ಅಚ್ಚುಕೂಟದ ಬಾಗಿಲ ಕೆಳಗೆ ತೂರಿಸಿದ ಕಾಗದ

ನಮ್ಮ ಪತ್ರಿಕೆಯ ಸಂಪಾದಕರು ಪ್ರತಿ ಸಂಚಿಕೆಯಲ್ಲೂ "ಲೇಖನ ಕಳಿಸಿ, ಲೇಖನ ಕಳಿಸಿ" ಎಂದು ಬೇಡಿಕೊಳ್ಳುತ್ತಾರೆ. ಬರುವುದೇನೋ ಬರುತ್ತಿದೆ, ಆದರೆ ಅದರಲ್ಲಿ ಮುಕ್ಕಾಲು ಪಾಲು ವಾಟ್ಸಾಪಿನಲ್ಲಿ ಎಲ್ಲಿಂದಲೋ ತೇಲಿ ಬಂದದ್ದು. ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮಿ ಜೀವ ಉಳಿಸಿಕೊಳ್ಳಿ ಎಂಬ ಸಲಹೆ ಇದೇ ಪುಟಗಳಲ್ಲಿ ಎರಡು ಸಲ ಅಚ್ಚಾಗಿದೆ. (ವೈದ್ಯನಾಗಿ ಹೇಳುತ್ತೇನೆ, ದಯವಿಟ್ಟು ಕೆಮ್ಮುತ್ತಾ ಕೂರಬೇಡಿ, 911ಕ್ಕೆ ಫೋನು ಮಾಡಿ.) ಓದಿದವರು ತಾವಾಗಿ ಇನ್ನೊಬ್ಬರ ಕೈಗೆ ಕೊಡಬೇಕು ಎನ್ನಿಸುವ ಬರಹ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಾವು ಬಂದು ನೆಲೆಸಿರುವ ಈ ದೇಶದ ಚರಿತ್ರೆಯಲ್ಲೇ ಒಂದು ಒಳ್ಳೆಯ ಕಥೆಯಿದೆ. ಅದನ್ನು ಹೇಳುವುದಷ್ಟೇ ಇಲ್ಲಿ ನನ್ನ ಉದ್ದೇಶ.

ಬೆಂಜಮಿನ್ ಫ್ರಾಂಕ್ಲಿನ್ ಎಂದರೆ ನಮ್ಮ ಮಕ್ಕಳಿಗೆ ಗಾಳಿಪಟ ಹಾರಿಸಿ ಮಿಂಚಿನ ಗುಟ್ಟು ತಿಳಿದವನು. ನಮಗೆ ನೂರು ಡಾಲರ್ ನೋಟಿನ ಮೇಲಿನ ಮುಖ. ಆದರೆ ವಿಜ್ಞಾನಿ, ರಾಯಭಾರಿ ಇವೆಲ್ಲ ಆಗುವುದಕ್ಕೆ ಮೊದಲು ಅವನು ಅಚ್ಚುಕೂಟದವನು, ಪತ್ರಿಕೆಯವನು. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ. ಅಪ್ಪ ಸೋಪು, ಮೇಣದಬತ್ತಿ ಮಾಡುವವನು. ಹದಿನೇಳು ಮಕ್ಕಳಲ್ಲಿ ಇವನು ಹದಿನೈದನೆಯವನು. ಶಾಲೆಗೆ ಹೋದದ್ದು ಎರಡು ವರ್ಷ. ಹನ್ನೆರಡನೆಯ ವಯಸ್ಸಿಗೆ ಅಣ್ಣ ಜೇಮ್ಸನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ ಕಲಿಯಲು ಸೇರಿಸಿದರು.

ಆ ಕಾಲದಲ್ಲಿ ಬಾಸ್ಟನ್ನಿನಲ್ಲಿ ಪತ್ರಿಕೆಗಳು ಇರಲಿಲ್ಲವೆಂದಲ್ಲ. ಆದರೆ ಅವುಗಳ ಬಹುಪಾಲು, ಹಡಗಿನಲ್ಲಿ ಬಂದ ಲಂಡನ್ ಪತ್ರಿಕೆಗಳಿಂದ ತಿಂಗಳುಗಟ್ಟಲೆ ಹಳೆಯದಾದ ಸುದ್ದಿಯನ್ನು ಎತ್ತಿ ಹಾಕಿದ್ದು. ಜೇಮ್ಸ್ 1721ರ ಆಗಸ್ಟಿನಲ್ಲಿ 'ನ್ಯೂ ಇಂಗ್ಲೆಂಡ್ ಕೂರಂಟ್' ಎಂಬ ಪತ್ರಿಕೆ ಶುರು ಮಾಡಿದಾಗ ಬೇರೆ ದಾರಿ ಹಿಡಿದ. ಅವನ ಸ್ನೇಹಿತರ ಗುಂಪೊಂದು ಅಚ್ಚುಕೂಟದಲ್ಲಿ ಸೇರಿ ಊರಿನ ವಿಷಯವನ್ನೇ, ಊರಿನ ಭಾಷೆಯಲ್ಲೇ, ಸುಳ್ಳು ಹೆಸರು ಹಾಕಿಕೊಂಡು ಬರೆಯುತ್ತಿತ್ತು. ಇದನ್ನೆಲ್ಲ ಮೂಲೆಯಲ್ಲಿ ನಿಂತು ಕೇಳುತ್ತಿದ್ದ ತಮ್ಮನಿಗೆ ತಾನೂ ಬರೆಯಬೇಕೆಂಬ ಆಸೆ. ಆದರೆ ಹದಿನಾರರ ಹುಡುಗ ಬರೆದದ್ದೆಂದು ಗೊತ್ತಾದರೆ ಅಣ್ಣ ಹಾಕುವುದಿಲ್ಲ. ಅದಕ್ಕೆ ಅಕ್ಷರದ ಗುರುತು ಸಿಗದಂತೆ ಬರೆದು, ರಾತ್ರಿ ಅಚ್ಚುಕೂಟದ ಬಾಗಿಲ ಕೆಳಗೆ ತೂರಿಸಿ ಬಂದ. ಬೆಳಿಗ್ಗೆ ಅಣ್ಣನ ಗೆಳೆಯರು ಅದನ್ನು ಓದಿ, ಮೆಚ್ಚಿ, ಬರೆದವರು ಊರಿನ ಯಾವ ವಿದ್ವಾಂಸರಿರಬಹುದು ಎಂದು ಅವನ ಎದುರಿಗೇ ಲೆಕ್ಕ ಹಾಕಿದರಂತೆ.

ಆ ಕಾಗದ ಬರೆದವಳು 'ಸೈಲೆನ್ಸ್ ಡೂಗುಡ್' ಎಂಬ ನಡುವಯಸ್ಸಿನ ವಿಧವೆ! 1722ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಅವಳ ಹದಿನಾಲ್ಕು ಕಾಗದಗಳು ಅಚ್ಚಾದವು. ಹಾರ್ವರ್ಡಿಗೆ ಮಕ್ಕಳನ್ನು ಕಳಿಸುವ ಶ್ರೀಮಂತರನ್ನು ಒಂದರಲ್ಲಿ ಗೇಲಿ ಮಾಡಿದ್ದಾಳೆ: ಅಪ್ಪ ಅಮ್ಮಂದಿರು ನೋಡುವುದು ತಮ್ಮ ಹಣದ ಚೀಲವನ್ನು, ಮಗನ ತಲೆಯನ್ನಲ್ಲ ಎಂದು. (ಕಾಲೇಜು ಅರ್ಜಿಯ ವಯಸ್ಸಿನ ಮಕ್ಕಳಿರುವ ನಮ್ಮ ಸದಸ್ಯರು ಓದಿಕೊಳ್ಳಬಹುದು.) ಇನ್ನೊಂದು ನನಗೆ ಎಲ್ಲಕ್ಕಿಂತ ಇಷ್ಟ. ಸತ್ತವರ ಮೇಲೆ ಚರಮಗೀತೆ ಬರೆಯುವುದು ಹೇಗೆ ಎಂದು ಅಡುಗೆ ಪುಸ್ತಕದ ಧಾಟಿಯಲ್ಲಿ ಕೊಟ್ಟ ವಿಧಾನ ಅದು. ಇತ್ತೀಚೆಗೆ ಸತ್ತವರೊಬ್ಬರನ್ನು ತೆಗೆದುಕೊಳ್ಳಿ, ಅಪಘಾತದಲ್ಲಿ ಹೋಗಿದ್ದರೆ ಇನ್ನೂ ಒಳ್ಳೆಯದು. ಅವರ ಸದ್ಗುಣಗಳನ್ನೆಲ್ಲ ಸೇರಿಸಿ, ಸಾಲದಿದ್ದರೆ ಬೇರೆಯವರಿಂದ ಸಾಲ ತನ್ನಿ. ಕೊನೆಯ ಮಾತುಗಳನ್ನು ಬೆರೆಸಿ, ಅಳು ತರಿಸುವ ಶಬ್ದಗಳನ್ನು ಉದುರಿಸಿ, ಹೀಗೆ. ಸತ್ತವರಿಗೆಲ್ಲ ಒಂದೇ ಅಚ್ಚಿನ ಪದ್ಯ ಬರೆಯುತ್ತಿದ್ದ ಊರು ಅದು, ನಕ್ಕಿರಲೇಬೇಕು.

ಈ ಹುಡುಗನಿಗೆ ಬರೆಯುವುದು ಎಲ್ಲಿಂದ ಬಂತು? ಇಲ್ಲಿ ಒಂದು ವಿಚಿತ್ರವಿದೆ. ನಕಲು ಮಾಡಿಯೇ ಬಂತು. 1711ರಲ್ಲಿ ಲಂಡನ್ನಿನಲ್ಲಿ ಅಡಿಸನ್ ಮತ್ತು ಸ್ಟೀಲ್ 'ಸ್ಪೆಕ್ಟೇಟರ್' ಎಂಬ ದಿನಪತ್ರಿಕೆ ನಡೆಸುತ್ತಿದ್ದರು. ದಿನಕ್ಕೆ ಮೂರು ಸಾವಿರ ಪ್ರತಿ ಹೋಗುತ್ತದೆ, ಒಂದೊಂದನ್ನೂ ಇಪ್ಪತ್ತು ಜನ ಓದುತ್ತಾರೆ ಎಂದು ಅಡಿಸನ್ನನ ಅಂದಾಜು. ಕಾಫಿ ಅಂಗಡಿಗಳಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು. ಅದರ ಒಂಟಿ ಸಂಪುಟವೊಂದು ಬಾಸ್ಟನ್ನಿನಲ್ಲಿ ಬೆಂಜಮಿನ್ನನ ಕೈಗೆ ಬಿತ್ತು. ಅವನು ಮಾಡಿದ್ದಿಷ್ಟು: ಒಂದು ಪ್ರಬಂಧ ಓದಿ, ಒಂದೊಂದು ವಾಕ್ಯದ ಭಾವವನ್ನು ಚುಟುಕಾಗಿ ಗುರುತು ಹಾಕಿ, ಪುಸ್ತಕ ಮುಚ್ಚಿಟ್ಟು, ಕೆಲವು ದಿನ ಬಿಟ್ಟು, ಆ ಗುರುತುಗಳಿಂದ ತನ್ನದೇ ಮಾತಿನಲ್ಲಿ ಮತ್ತೆ ಬರೆಯುವುದು, ಆಮೇಲೆ ಮೂಲದ ಜೊತೆ ಹೋಲಿಸಿ ತಪ್ಪು ತಿದ್ದುವುದು. ಕೆಲವನ್ನು ಪದ್ಯಕ್ಕೆ ತಿರುಗಿಸಿ, ಮರೆತ ಮೇಲೆ ಮತ್ತೆ ಗದ್ಯಕ್ಕೆ ತರುತ್ತಿದ್ದ. ನಾವು ಎಂ.ಬಿ.ಬಿ.ಎಸ್.ನಲ್ಲಿ ಅನಾಟಮಿ ಕಲಿತಂತೆ, ಬಿಡಿಸಿ ನೋಡಿ ಕಲಿತ. ಕೆಲಸ ಮುಗಿದ ಮೇಲೆ ರಾತ್ರಿ, ಇಲ್ಲವೇ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು.

ಇರಲಿ. ಕೂರಂಟ್ ಪತ್ರಿಕೆಯ ಬಗ್ಗೆ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವುದು ವೈದ್ಯನಾದ ನನಗೆ ಸಾಧ್ಯವಿಲ್ಲ. ಪತ್ರಿಕೆ ಶುರುವಾದ 1721ರಲ್ಲಿ ಬಾಸ್ಟನ್ನಿನಲ್ಲಿ ಸಿಡುಬು ಹೊತ್ತಿಕೊಂಡಿತ್ತು. ಸುಮಾರು ಹನ್ನೊಂದು ಸಾವಿರ ಜನರ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದರು, 844 ಜನ ಸತ್ತರು. ಜೆನ್ನರನ ಗೋವಿನ ಸಿಡುಬಿನ ಲಸಿಕೆ ಬರುವುದಕ್ಕೆ ಇನ್ನೂ 75 ವರ್ಷವಿತ್ತು. ರೋಗಿಯ ಗುಳ್ಳೆಯ ಕೀವನ್ನೇ ಸ್ವಲ್ಪ ತೆಗೆದು ಆರೋಗ್ಯವಂತನ ಚರ್ಮದಲ್ಲಿ ಗೀರಿ ಹಾಕಿದರೆ ರೋಗ ಹಗುರಾಗಿ ಬಂದು ಹೋಗುತ್ತದೆ ಎಂಬುದನ್ನು ಪಾದ್ರಿ ಕಾಟನ್ ಮೇದರ್ ತನ್ನ ಮನೆಯಲ್ಲಿ ಗುಲಾಮನಾಗಿದ್ದ ಒನೆಸಿಮಸ್ ಎಂಬ ಆಫ್ರಿಕದವನಿಂದ ಕೇಳಿ ತಿಳಿದಿದ್ದ. ಅವನ ಮಾತು ನಂಬಿ ಜಾಬ್ಡಿಯಲ್ ಬಾಯ್ಲ್‌ಸ್ಟನ್ ಎಂಬ ವೈದ್ಯ ತನ್ನ ಆರು ವರ್ಷದ ಮಗನಿಗೇ ಮೊದಲು ಹಾಕಿದ. ಒಟ್ಟು 240ಕ್ಕೂ ಹೆಚ್ಚು ಜನರಿಗೆ ಹಾಕಿದ. ಅವರಲ್ಲಿ ಸತ್ತವರು ಆರು ಮಂದಿ. ತಾನಾಗಿ ರೋಗ ಬಂದವರಲ್ಲಿ ಏಳಕ್ಕೊಬ್ಬರು ಸತ್ತರೆ, ಹಾಕಿಸಿಕೊಂಡವರಲ್ಲಿ ನಲವತ್ತಕ್ಕೊಬ್ಬರು.

ಆಗ ಕೂರಂಟ್ ಏನು ಮಾಡಿತು? ಮೊದಲ ಸಂಚಿಕೆಯಿಂದಲೇ ಹಾಕಿಸಿಕೊಳ್ಳುವುದರ ವಿರುದ್ಧ ನಿಂತಿತು. ಊರಿನಲ್ಲಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಪದವಿ ಇದ್ದ ಒಬ್ಬನೇ ಡಾಕ್ಟರು ವಿಲಿಯಂ ಡಗ್ಲಾಸ್ ಅದರಲ್ಲಿ ಮೇದರನನ್ನೂ ಬಾಯ್ಲ್‌ಸ್ಟನ್ನನನ್ನೂ ಹೀಗಳೆದು ಬರೆದ. ಬರಹ ಚುರುಕಾಗಿತ್ತು, ಹೊಸದಾಗಿತ್ತು, ಪಾದ್ರಿಗಳ ಮೇಲಿನ ಸಿಟ್ಟಿಗೆ ಸರಿಹೋಗುತ್ತಿತ್ತು; ಜನ ಹಂಚಿಕೊಂಡು ಓದಿದರು. ನವೆಂಬರಿನಲ್ಲಿ ಯಾರೋ ಮೇದರನ ಮನೆಯ ಕಿಟಕಿಯಿಂದ ಕೈಬಾಂಬು ಎಸೆದರು. ಅದು ಸಿಡಿಯಲಿಲ್ಲ, ಅಷ್ಟೇ ಪುಣ್ಯ. ಒಳ್ಳೆಯ ಶೈಲಿಗೂ ಸತ್ಯಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಬೆಂಜಮಿನ್ ಆಗ ಹದಿನೈದರ ಹುಡುಗ, ಅದೇ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ.

ಅಣ್ಣನ ಹೊಡೆತ ತಾಳಲಾರದೆ 1723ರಲ್ಲಿ ಫಿಲಡೆಲ್ಫಿಯಾಕ್ಕೆ ಓಡಿಹೋದ. ಅಲ್ಲಿ ಸ್ಯಾಮುಯೆಲ್ ಕೈಮರ್ ಎಂಬ ಮುದ್ರಕ. ಮುಂದೆ ಫ್ರಾಂಕ್ಲಿನ್ ತಾನೊಂದು ಪತ್ರಿಕೆ ತೆಗೆಯುವ ಯೋಚನೆಯಲ್ಲಿದ್ದಾಗ ಸುದ್ದಿ ಸೋರಿ, 1728ರ ಡಿಸೆಂಬರಿನಲ್ಲಿ ಕೈಮರನೇ ಮೊದಲು ಪತ್ರಿಕೆ ತೆಗೆದುಬಿಟ್ಟ. ಪುಟ ತುಂಬಿಸುವುದು ಹೇಗೆ? ಅದೇ ವರ್ಷ ಲಂಡನ್ನಿನಲ್ಲಿ ಚೇಂಬರ್ಸ್ ಎಂಬುವನ ವಿಶ್ವಕೋಶ ದೊಡ್ಡ ಎರಡು ಸಂಪುಟಗಳಲ್ಲಿ ಬಂದಿತ್ತು. ಕೈಮರ್ ಅದನ್ನು 'ಎ' ಅಕ್ಷರದಿಂದ ಹಿಡಿದು, ವಾರವಾರ ಒಂದಿಷ್ಟು, ವರ್ಣಮಾಲೆಯ ಕ್ರಮದಲ್ಲೇ ಪತ್ರಿಕೆಯಲ್ಲಿ ಇಳಿಸತೊಡಗಿದ! ಬೆಲೆಬಾಳುವ ವಿಷಯವೇ, ಸುಳ್ಳೇನಲ್ಲ. ಆದರೆ ಓದುವವರಾರು? ಹೀಗೆ ಹೋದರೆ ಮುಗಿಯಲು ಐವತ್ತು ವರ್ಷ ಬೇಕೆಂದು ಫ್ರಾಂಕ್ಲಿನ್ ಆಮೇಲೆ ಲೆಕ್ಕ ಹಾಕಿ ತೋರಿಸಿದ. ಕ್ರಮ ತಪ್ಪದ ಕೈಮರ್ 'ಅಬಾರ್ಷನ್' ಎಂಬ ಶಬ್ದ ಬಂದಾಗ ಅದನ್ನೂ ಹಾಗೆಯೇ ಅಚ್ಚು ಹಾಕಿದ. ಕೂಡಲೇ ಎದುರಾಳಿ ಪತ್ರಿಕೆಯಲ್ಲಿ ಇಬ್ಬರು ಹೆಂಗಸರು, ಮಾರ್ತಾ ಕೇರ್‌ಫುಲ್ ಮತ್ತು ಸೀಲಿಯಾ ಶಾರ್ಟ್‌ಫೇಸ್, ಹೆಣ್ಣುಮಕ್ಕಳ ಗುಟ್ಟನ್ನು ಬೀದಿಗೆ ತಂದನೆಂದು ಕೆಂಡಾಮಂಡಲವಾಗಿ ಪತ್ರ ಬರೆದರು. ಇಬ್ಬರೂ ಫ್ರಾಂಕ್ಲಿನ್ನನೇ ಎಂದು ಬೇರೆ ಹೇಳಬೇಕಿಲ್ಲ.

ಒಂಬತ್ತು ತಿಂಗಳಾದರೂ ಕೈಮರನ ಚಂದಾದಾರರು ತೊಂಬತ್ತು ದಾಟಲಿಲ್ಲ, ವಿಶ್ವಕೋಶ 'ಎ' ದಾಟಲಿಲ್ಲ. 1729ರ ಅಕ್ಟೋಬರಿನಲ್ಲಿ ಫ್ರಾಂಕ್ಲಿನ್ ಅದನ್ನು ಅಗ್ಗಕ್ಕೆ ಕೊಂಡು, ಉದ್ದನೆಯ ಹೆಸರನ್ನು 'ಪೆನ್ಸಿಲ್ವೇನಿಯ ಗೆಜೆಟ್' ಎಂದು ಕತ್ತರಿಸಿ, ವಿಶ್ವಕೋಶವನ್ನು ಕೈಬಿಟ್ಟ. ಅದರ ಜಾಗಕ್ಕೆ ಊರಿನ ಮಾತು ಬಂತು. ಆಂಥೊನಿ ಆಫ್ಟರ್‌ವಿಟ್ ಎಂಬ ಬಡಪಾಯಿ ಗಂಡ 1732ರಲ್ಲಿ ಬರೆದ ಕಾಗದ ನೋಡಿ: ಹೆಂಡತಿ ಮೊದಲು ದೊಡ್ಡ ಕನ್ನಡಿ ತಂದಳು, ಕನ್ನಡಿಗೆ ತಕ್ಕ ಮೇಜು ಬೇಕಾಯಿತು, ಆಮೇಲೆ ಟೀ ಮೇಜು, ಪಿಂಗಾಣಿ, ಬೆಳ್ಳಿ ಚಮಚ. ಅವಳು ಊರಿಗೆ ಹೋದ ಹದಿನೈದು ದಿನದಲ್ಲಿ ಅವನು ಎಲ್ಲ ಮಾರಿ ನೂಲುವ ರಾಟೆ ತಂದಿಟ್ಟ. ಇದನ್ನು ಓದಿದ ಗಂಡ ಹೆಂಡಿರು ಯಾರ ಮನೆಯಲ್ಲಿ ಜಗಳವಾಡಲಿಲ್ಲವೋ! 1735ರಲ್ಲಿ ಬೆಂಕಿ ಅನಾಹುತದ ಬಗ್ಗೆ ಒಬ್ಬ ಮುದುಕನ ಹೆಸರಿನಲ್ಲಿ ಬರೆದ. ಮರುವರ್ಷ ಊರಿನವರು ಸೇರಿ ಬೆಂಕಿ ಆರಿಸುವ ಸಂಘ ಕಟ್ಟಿದರು. ರೋಗ ಬಂದ ಮೇಲೆ ಮದ್ದಿಗಿಂತ ಮೊದಲೇ ತಡೆಯುವುದು ಮೇಲು ಎಂದು ನಾವು ಡಾಕ್ಟರುಗಳು ದಿನಾ ಹೇಳುವ ಗಾದೆಯನ್ನು ಅವನು ಬಳಸಿದ್ದು ಈ ಬೆಂಕಿಯ ಕಾಗದದಲ್ಲಿ!

ಇನ್ನು ಪಂಚಾಂಗ. ನಮ್ಮ ಮನೆಗಳಲ್ಲಿ ಮೊಳೆಗೆ ಒಂಟಿಕೊಪ್ಪಲ್ ಪಂಚಾಂಗ ತೂಗುಹಾಕಿದಂತೆ ಅಲ್ಲಿನ ರೈತರ ಮನೆಗಳಲ್ಲೂ ಒಂದು ಪಂಚಾಂಗ ಇರುತ್ತಿತ್ತು; ಎಷ್ಟೋ ಮನೆಗಳಲ್ಲಿ ಬೈಬಲ್ ಬಿಟ್ಟರೆ ಅದೇ ಪುಸ್ತಕ. 1732ರ ಕೊನೆಯಿಂದ ಫ್ರಾಂಕ್ಲಿನ್ 25 ವರ್ಷ 'ಬಡ ರಿಚರ್ಡನ ಪಂಚಾಂಗ' ಹೊರಡಿಸಿದ. ವರ್ಷಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಖರ್ಚಾಗುತ್ತಿತ್ತೆಂದು ಅವನೇ ಬರೆದಿದ್ದಾನೆ. ಸೂರ್ಯೋದಯ, ಚಂದ್ರನ ಗತಿ ಎಲ್ಲರ ಪಂಚಾಂಗದಲ್ಲೂ ಒಂದೇ. ಇವನು ದಿನಗಳ ನಡುವೆ ಉಳಿದ ಸಣ್ಣ ಜಾಗಗಳಲ್ಲಿ ಗಾದೆಗಳನ್ನು ತುಂಬಿದ. ಅವು ಅವನ ಸ್ವಂತವೇ? ಅಲ್ಲ. ಹತ್ತರಲ್ಲಿ ಒಂದು ಪಾಲೂ ತನ್ನದಲ್ಲವೆಂದು 1758ರ ಪಂಚಾಂಗದ ಮುನ್ನುಡಿಯಲ್ಲಿ ರಿಚರ್ಡನ ಬಾಯಿಂದಲೇ ಹೇಳಿಸಿದ್ದಾನೆ. ಇಂಗ್ಲೆಂಡಿನ ವೈದ್ಯ ಥಾಮಸ್ ಫುಲ್ಲರ್ 1732ರಲ್ಲಿ ಪ್ರಕಟಿಸಿದ ಗಾದೆಗಳ ಸಂಗ್ರಹದಿಂದ ಬೇಕಾದಷ್ಟು ಎತ್ತಿಕೊಂಡಿದ್ದಾನೆ. ಆದರೆ ಎತ್ತಿದ್ದನ್ನು ಹಾಗೇ ಹಾಕುತ್ತಿರಲಿಲ್ಲ. ಉದ್ದವನ್ನು ಗಿಡ್ಡ ಮಾಡಿ, ನಾಲಿಗೆಗೆ ಸಿಗುವಂತೆ ಶಬ್ದ ತಿರುಗಿಸಿ, ಪೆನ್ಸಿಲ್ವೇನಿಯದ ರೈತ ಹಟ್ಟಿಯಲ್ಲಿ ನಿಂತು ಹೇಳುವಂತೆ ಮಾಡುತ್ತಿದ್ದ. ಕೈಮರನೂ ಎತ್ತಿದ, ಇವನೂ ಎತ್ತಿದ. ಇವನು ಎತ್ತಿದ ಮೇಲೆ ಕೆಲಸ ಮಾಡಿದ. ನಾನು ವಾಟ್ಸಾಪಿನ ವಿರುದ್ಧ ಅಲ್ಲ. ಬಂದದ್ದನ್ನು ನಮ್ಮ ಮನೆಯ ಮಾತಿಗೆ ತಿರುಗಿಸಿ, ನಿಜವೇ ಎಂದು ನೋಡಿ, ಆಮೇಲೆ ಕಳಿಸಿದರೆ ಯಾರು ಬೇಡವೆಂದಾರು?

ಕೊನೆಯದಾಗಿ ಅವನು ಅಚ್ಚು ಹಾಕಿದ ಒಂದು ಸಣ್ಣ ಪ್ರಕಟಣೆ. ಅದರಲ್ಲಿ ತಮಾಷೆಯಿಲ್ಲ, ಸುಳ್ಳು ಹೆಸರೂ ಇಲ್ಲ. 1736ರ ನವೆಂಬರಿನಲ್ಲಿ ಅವನ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿನಿಂದ ಸತ್ತ. ಇಷ್ಟು ಹೊತ್ತಿಗೆ ಫ್ರಾಂಕ್ಲಿನ್ ಸಿಡುಬು ಹಾಕಿಸುವುದರ ಪರವಾಗಿದ್ದವನು. ಮಗು ಹಾಕಿಸಿದ್ದರಿಂದಲೇ ಸತ್ತಿತು ಎಂದು ಊರಲ್ಲಿ ಗುಲ್ಲೆದ್ದಿತು. ಅದನ್ನು ಕೇಳಿ ಬೇರೆ ತಾಯಿತಂದೆಯರು ಹಿಂಜರಿಯತೊಡಗಿದರು. ಡಿಸೆಂಬರ್ ಕೊನೆಯಲ್ಲಿ ಅವನು ಗೆಜೆಟ್ಟಿನಲ್ಲಿ ಬರೆದ: ಮಗುವಿಗೆ ಹಾಕಿಸಿರಲಿಲ್ಲ, ಭೇದಿಯಾಗಿದ್ದರಿಂದ ಗುಣವಾಗಲೆಂದು ಕಾಯುತ್ತಿದ್ದೆವು, ಅಷ್ಟರಲ್ಲಿ ಎಲ್ಲರಿಗೂ ಬರುವಂತೆ ಸಿಡುಬು ಬಂತು, ಹಾಕಿಸುವುದು ಸುರಕ್ಷಿತವೆಂದು ಈಗಲೂ ನಂಬಿದ್ದೇನೆ. ಲಸಿಕೆ ಬೇಡವೆನ್ನುವ ತಂದೆತಾಯಿಗಳ ಎದುರು ಅಂಕಿ ಅಂಶ ಹಿಡಿದು ಕೂತ ಯಾವ ವೈದ್ಯನಿಗೂ ಈ ಕೆಲವು ಸಾಲುಗಳ ತೂಕ ಗೊತ್ತಾಗುತ್ತದೆ.

1759ರಲ್ಲಿ ಲಂಡನ್ನಿನಲ್ಲಿದ್ದಾಗ ಡಾಕ್ಟರ್ ವಿಲಿಯಂ ಹೆಬರ್ಡನ್ (ಬೆರಳ ಗೆಣ್ಣಿನ ಗಂಟುಗಳಿಗೆ ಈಗಲೂ ಇವನದೇ ಹೆಸರು) ಸಿಡುಬು ಹಾಕಿಕೊಳ್ಳುವ ವಿಧಾನವನ್ನು ಸರಳವಾಗಿ ತಿಳಿಸುವ ಕಿರುಹೊತ್ತಗೆ ಬರೆದ. ಅದಕ್ಕೆ ಮುನ್ನುಡಿಯಾಗಿ ಫ್ರಾಂಕ್ಲಿನ್ ಬಾಸ್ಟನ್ನಿನ ಸಾವು ಬದುಕಿನ ಲೆಕ್ಕಗಳನ್ನು ಜೋಡಿಸಿಕೊಟ್ಟ. ಹೆಬರ್ಡನ್ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪ್ರತಿಗಳನ್ನು ಅಮೆರಿಕದಲ್ಲಿ ಬಿಟ್ಟಿಯಾಗಿ ಹಂಚಲಾಯಿತು. 1788ರಲ್ಲಿ ಆತ್ಮಕಥೆಯನ್ನು ಮುಂದುವರಿಸಲು ಕೂತಾಗ ಫ್ರಾಂಕ್ಲಿನ್ ಮಗನ ವಿಷಯಕ್ಕೆ ಬಂದು, ಹಾಕಿಸಲಿಲ್ಲವಲ್ಲ ಎಂದು ಈಗಲೂ ಕೊರಗುತ್ತೇನೆ, ಹಿಂಜರಿಯುವ ತಂದೆತಾಯಿಗಳಿಗಾಗಿ ಇದನ್ನು ಬರೆದಿಡುತ್ತಿದ್ದೇನೆ ಎಂಬ ಅರ್ಥದ ಮಾತು ಬರೆದ. ಆಗ ಅವನಿಗೆ 82 ವರ್ಷ. ಮಗು ಹೋಗಿ 52 ವರ್ಷವಾಗಿತ್ತು.