ಮಳೆಗೆ ಹಸು ಸತ್ತರೆ ಸರ್ಕಾರ ಎಷ್ಟು ಕೊಡುತ್ತದೆ? ಫಾರ್ವರ್ಡ್ ಮೆಸೇಜ್ ಹೇಳದ ಮಾತು

ಮಳೆಗಾಲ ಜೋರಾದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡಲು ಶುರುವಾಗುತ್ತದೆ: ‘ನಿಮ್ಮ ಹಸು, ಎಮ್ಮೆ ಸತ್ತಿದ್ದರೆ ಸರ್ಕಾರದಿಂದ 37,500 ರೂಪಾಯಿ, ಎಲ್ಲ ರೈತರಿಗೂ ತಿಳಿಸಿ.’ ಇದು ಸುಳ್ಳೇ? ಅಲ್ಲ. ಪೂರ್ತಿ ನಿಜವೇ? ಅದೂ ಅಲ್ಲ.

37,500 ಎಂಬ ಅಂಕಿ ರಾಜ್ಯ ವಿಪತ್ತು ಪರಿಹಾರ ನಿಧಿಗೆ (ಎಸ್‌ಡಿಆರ್‌ಎಫ್) ಕೇಂದ್ರ ಗೃಹ ಸಚಿವಾಲಯ 2022-26ರ ಅವಧಿಗೆ ನಿಗದಿ ಮಾಡಿದ ದರ. ಹಾಲು ಕೊಡುವ ಹಸು, ಎಮ್ಮೆಗೆ 37,500, ಎತ್ತಿಗೆ 32,000, ಕರು ಅಥವಾ ಕತ್ತೆಗೆ 20,000, ಕುರಿ, ಮೇಕೆ, ಹಂದಿಗೆ ತಲಾ 4,000 ರೂಪಾಯಿ. ಕೋಳಿಗೆ ತಲಾ 100. ಅದಕ್ಕೂ ಹಿಂದಿನ ಅವಧಿಯಲ್ಲಿ ಹಸುವಿಗೆ 30,000 ಇತ್ತು. ಅವಧಿ ಬದಲಾದಾಗ ದರವೂ ಬದಲಾಗುತ್ತದೆ, ಹಾಗಾಗಿ ಹಳೇ ಮೆಸೇಜ್ ನಂಬಿ ಲೆಕ್ಕ ಹಾಕಬೇಡಿ.

ಮೆಸೇಜ್ ಮುಚ್ಚಿಡುವುದು ಮಿತಿಯನ್ನು. ಒಂದು ಕುಟುಂಬಕ್ಕೆ ಹೆಚ್ಚೆಂದರೆ 3 ದೊಡ್ಡ ಹಾಲಿನ ಪ್ರಾಣಿ ಇಲ್ಲವೇ 30 ಕುರಿ-ಮೇಕೆಗಳಿಗಷ್ಟೇ ಹಣ. ಹೊಳೆ ಉಕ್ಕಿ ಕೊಟ್ಟಿಗೆಯ ಐದು ಎಮ್ಮೆ ಕೊಚ್ಚಿಹೋದರೂ ಸಿಗುವುದು ಮೂರರದ್ದು, ಅಂದರೆ 1,12,500. ಕುರಿಗಾಹಿಯೊಬ್ಬರು 80 ಕುರಿ ಕಳೆದುಕೊಂಡರೂ 1,20,000ಕ್ಕೆ ನಿಂತುಹೋಗುತ್ತದೆ. ಕೋಳಿಗೆ ಕುಟುಂಬಕ್ಕೆ 10,000 ಗರಿಷ್ಠ. ನಿಯಮ ಇರುವುದು ಸಣ್ಣ, ಅತಿ ಸಣ್ಣ ರೈತರನ್ನು ಗಮನದಲ್ಲಿ ಇಟ್ಟುಕೊಂಡು, ಅದೂ ದುಡಿಮೆಗೆ ಬರುವ ಪ್ರಾಣಿಗೆ ಮಾತ್ರ.

ಗೊಂದಲಕ್ಕೆ ನಮ್ಮ ಭಾಷೆಯದ್ದೂ ಸ್ವಲ್ಪ ಪಾಲಿದೆ. ನಷ್ಟ ಪೂರ್ತಿ ತುಂಬಿಕೊಡುವುದಕ್ಕೂ ‘ಪರಿಹಾರ’ ಎನ್ನುತ್ತೇವೆ, ಕಷ್ಟದಲ್ಲಿ ಕೊಡುವ ನೆರವಿಗೂ ‘ಪರಿಹಾರ’ ಎನ್ನುತ್ತೇವೆ. ಎಸ್‌ಡಿಆರ್‌ಎಫ್ ಹಣ ಎರಡನೆಯದು. ಒಳ್ಳೆ ಹಾಲಿನ ಮಿಶ್ರತಳಿ ಹಸುವಿನ ಸಂತೆ ಬೆಲೆ ಇದಕ್ಕಿಂತ ಎಷ್ಟೋ ಹೆಚ್ಚು. ಆ ವ್ಯತ್ಯಾಸ ತುಂಬಬೇಕಾದರೆ ಜಾನುವಾರು ವಿಮೆಯೇ ದಾರಿ, ಅದನ್ನು ಮಳೆಗೆ ಮೊದಲೇ ಮಾಡಿಸಿರಬೇಕು.

ಇನ್ನು ಸಾವಿನ ಕಾರಣ. ಪ್ರವಾಹ, ಬರ, ಚಂಡಮಾರುತ, ಭೂಕುಸಿತ, ಬೆಂಕಿ, ಆಲಿಕಲ್ಲು ಇವು ಕೇಂದ್ರದ ಪಟ್ಟಿಯಲ್ಲಿವೆ. ಆದರೆ 2022-26ರ ಪಟ್ಟಿಯಲ್ಲಿ ಸಿಡಿಲು ಇಲ್ಲ! ನಿಧಿಯ ಶೇ 10ರವರೆಗೆ ರಾಜ್ಯಗಳು ತಮ್ಮದೇ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದು, ಹಲವು ರಾಜ್ಯಗಳು ಸಿಡಿಲನ್ನು ಸೇರಿಸಿಕೊಂಡದ್ದು ಹೀಗೆ. ರೋಗದಿಂದ ಸತ್ತರೆ ಈ ನಿಧಿಗೆ ಸಂಬಂಧವಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಕರ್ನಾಟಕ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಎಂದು ಬೇರೆಯೇ ಆದೇಶ ಮಾಡಿತ್ತು. ಆಕಸ್ಮಿಕ ಸಾವಿಗೆ ರಾಜ್ಯದ ‘ಅನುಗ್ರಹ’ ಯೋಜನೆ ಇದೆ. 2025-26ರ ಬಜೆಟ್‌ನಲ್ಲಿ ಅದರ ಮೊತ್ತವನ್ನು ಹಸು-ಎಮ್ಮೆಗೆ 15,000ಕ್ಕೆ, ಕುರಿ-ಮೇಕೆಗೆ 7,500ಕ್ಕೆ ಏರಿಸಲಾಯಿತು. ಫಾರ್ವರ್ಡ್‌ಗಳು ಈ ಮೂರನ್ನೂ ಕಲಸಿ ಒಂದೇ ಅಂಕಿ ಹೇಳುತ್ತವೆ.

ಬರಗಾಲದಲ್ಲಿ ‘ದಿನಕ್ಕೆ ಹಸುವಿಗೆ 80 ರೂಪಾಯಿ’ ಎಂಬ ಮೆಸೇಜೂ ಬರುತ್ತದೆ. ದರ ನಿಜ, ಆದರೆ ಅದು ಗೋಶಾಲೆ ಅಥವಾ ಜಾನುವಾರು ಶಿಬಿರದ ಮೇವು-ನೀರಿನ ಖರ್ಚು. ನಿಮ್ಮ ಖಾತೆಗೆ ಬರುವ ಹಣವಲ್ಲ.

ಪ್ರಾಣಿ ಸತ್ತಾಗ ಹೆಚ್ಚಿನವರು ಮಾಡುವ ತಪ್ಪು, ವಾಸನೆ ಬರುತ್ತದೆಂದು ಬೇಗ ಹೂತುಬಿಡುವುದು. ಮೊದಲು ಗ್ರಾಮ ಆಡಳಿತ ಅಧಿಕಾರಿಗೂ (ಹಿಂದೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದರು) ಹತ್ತಿರದ ಪಶು ವೈದ್ಯರಿಗೂ ತಿಳಿಸಿ. ಮರಣೋತ್ತರ ಪರೀಕ್ಷೆಯ ವರದಿ, ಸ್ಥಳ ಮಹಜರು ಇಲ್ಲದೆ ಕಡತ ತಹಶೀಲ್ದಾರ್ ಕಚೇರಿ ದಾಟುವುದು ಕಷ್ಟ. ಕಿವಿಯ ಓಲೆಯ 12 ಅಂಕಿ ಕಾಣುವಂತೆ ಫೋಟೊ ತೆಗೆದಿಡಿ. ದೇಹವೇ ಕೊಚ್ಚಿಹೋಗಿದ್ದರೆ ಆ ಓಲೆಯ ದಾಖಲೆ, ಡೇರಿಗೆ ಹಾಲು ಹಾಕಿದ ಪುಸ್ತಕ, ಅಕ್ಕಪಕ್ಕದವರ ಹೇಳಿಕೆ ಕೆಲಸಕ್ಕೆ ಬರುತ್ತವೆ.

ಹಣ ಬರುವುದು ನೇರ ಬ್ಯಾಂಕ್ ಖಾತೆಗೆ. ಲಿಂಕ್ ಒತ್ತಿ ‘ನೋಂದಣಿ ಶುಲ್ಕ’ ಕಟ್ಟಿ, ಒಟಿಪಿ ಹೇಳಿ ಎಂದರೆ ಅದು ಮೋಸ, ಅಲ್ಲಿಗೇ ಅಳಿಸಿಹಾಕಿ.