ಬಳ್ಳಾರಿ ಸೀಮೆಯಲ್ಲಿ ಹುದುಗಿನ ಕಾವು

ಹಾಲು ಮೊಸರಾಗುವುದಕ್ಕೂ ದೋಸೆ ಹಿಟ್ಟು ಉಬ್ಬುವುದಕ್ಕೂ ಕಾವು ಬೇಕು. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಲ್ಲಿ ವರ್ಷದ ಹತ್ತು ತಿಂಗಳು ಆ ಕಾವನ್ನು ಯಾರೂ ಹುಡುಕಬೇಕಾಗಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಿವು. ಬೆಳಿಗ್ಗೆ ರುಬ್ಬಿಟ್ಟ ಹಿಟ್ಟು ಸಂಜೆಗೆಲ್ಲ ಹುಳಿ ಹಿಡಿದಿರುತ್ತದೆ. ತೊಡಕು ಬರುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ. ಬೆಳಗಿನ ಜಾವದ ಉಷ್ಣಾಂಶ ಆಗ 15ರಿಂದ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಕೊಡಗಿನವರು ಇದನ್ನು ಚಳಿ ಎಂದು ಒಪ್ಪಲಿಕ್ಕಿಲ್ಲ. ಹೆಪ್ಪು ಹಾಕಿಟ್ಟ ಹಾಲಿಗೆ ಮಾತ್ರ ಇಷ್ಟು ಚಳಿ ಸಾಕು, ಬೆಳಗಾದರೂ ಅದು ಹಾಲಾಗಿಯೇ ಇರುತ್ತದೆ.

ಹಾಲನ್ನು ಹುಳಿಯಾಗಿಸುವುದು ಕಣ್ಣಿಗೆ ಕಾಣದ ಜೀವಿಗಳೆಂದು ಲೂಯಿ ಪಾಶ್ಚರ್ 1857ರಲ್ಲಿ ತೋರಿಸಿದ. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯೂಕೋನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ ಪಾತ್ರವೇ ದೊಡ್ಡದೆಂದು 1965ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಅದಕ್ಕೆ ಬೇರೆ ಹೆಪ್ಪು ಬೇಡ, ಬೇಳೆಯ ಜೊತೆಗೇ ಬಂದಿರುತ್ತದೆ. 30 ಡಿಗ್ರಿ ಸುತ್ತಮುತ್ತ ಕಾವಿದ್ದರೆ ಒಂದು ರಾತ್ರಿಯಲ್ಲಿ ಹಿಟ್ಟು ಉಬ್ಬುತ್ತದೆ. ಗಟ್ಟಿ ಮೊಸರು ಬೇಗ ಕೂರಬೇಕಾದರೆ 40 ಡಿಗ್ರಿಯ ಹತ್ತಿರ ಇರಬೇಕು. ಹಾಗೆಂದು ಕಾವು ಏರಿಸುತ್ತ ಹೋದರೂ ಕೆಲಸ ಕೆಡುತ್ತದೆ: 50 ಡಿಗ್ರಿ ದಾಟಿತೆಂದರೆ ಈ ಜೀವಿಗಳಲ್ಲಿ ಹೆಚ್ಚಿನವು ಸೊರಗುತ್ತವೆ, ಇನ್ನೂ ಮೇಲೇರಿದರೆ ಸಾಯುತ್ತವೆ. ಗಡಿಗೆ ಬೆಚ್ಚಗಿರಬೇಕು, ಬೇಯಬಾರದು. ಚಳಿಗಾಲದ ಉಪಾಯಗಳೆಲ್ಲ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ಹುಳಿ ಹಿಟ್ಟಿನ ತಿಂಡಿಗಳ ಹಳೆಯ ಕುರುಹುಗಳು ಕನ್ನಡದಲ್ಲೇ ಸಿಗುತ್ತವೆ. ಸುಮಾರು ಕ್ರಿ.ಶ. 920ರದೆಂದು ಹೇಳುವ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರ ಅದರ ವಿಧಾನವನ್ನೂ ಕೊಡುತ್ತದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಮತ್ತು ಇಂಗು, ಜೀರಿಗೆ ಮೊದಲಾದವನ್ನು ಬೆರೆಸಬೇಕು. ಅಕ್ಕಿಯ ಮಾತಿಲ್ಲ, ರಾತ್ರಿಯಿಡೀ ಹುದುಗಿಸುವ ಮಾತೂ ಇಲ್ಲ. ಆದರೆ ಹುಳಿ ಇಲ್ಲವೆನ್ನುವಂತಿಲ್ಲ, ಮಜ್ಜಿಗೆ ಮೊಸರುಗಳಿಂದಲೇ ಅದು ಬರುತ್ತದೆ. ಈ ಗ್ರಂಥ ಹುಟ್ಟಿದ್ದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ. ಮುಂದೆ ಕುರುಗೋಡಿನಿಂದ ಬಳ್ಳಕುಂದೆ ನಾಡನ್ನು ಆಳಿದ ಸಿಂದರು ಅದೇ ಚಾಲುಕ್ಯರ ಸಾಮಂತರು. ಸಿಂದರ ಅಡುಗೆಮನೆಯಲ್ಲಿ ಇಡ್ಡಲಿಗೆ ಬೇಯುತ್ತಿತ್ತೆಂದು ಇಷ್ಟರಿಂದಲೇ ಹೇಳಲಾಗದು. ಮೊಸರಿನ ಗಡಿಗೆಯಂತೂ ಇದ್ದೇ ಇರಬೇಕು.

ಕಾವಿನ ಮೂಲ ಒಲೆ. ಬಳ್ಳಾರಿಯ ಎರೆಭೂಮಿಯಲ್ಲಿ ಕಾಡು ಕಡಿಮೆ, ಕಟ್ಟಿಗೆ ತುಟ್ಟಿ. ಒಲೆಗೆ ಬೀಳುತ್ತಿದ್ದುದು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಮತ್ತು ಕುಳ್ಳು. ಸಗಣಿ ಸುಡುವುದು ಈ ನೆಲಕ್ಕೆ ಹೊಸದೇನಲ್ಲ. ಕುಡತಿನಿ, ಸಂಗನಕಲ್ಲುಗಳ ಬಳಿ ಇರುವ ಬೂದಿದಿಬ್ಬಗಳು ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳು. ಅವರು ಸುಟ್ಟಿದ್ದು ಯಾಕೆಂಬುದು ಬೇರೆಯೇ ಚರ್ಚೆ. ಅಡುಗೆಯ ಮಟ್ಟಿಗೆ ಕುಳ್ಳಿನ ಗುಣ ಒಂದೇ: ಜ್ವಾಲೆ ಕಡಿಮೆ, ಕೆಂಡ ದೀರ್ಘ. ಹತ್ತಿ ಕಟ್ಟಿಗೆ ಭಗ್ಗೆಂದು ಉರಿದು ಆರಿಹೋಗುತ್ತದೆ, ರೊಟ್ಟಿಯ ಹಂಚಿಗೆ ಅದು ಸರಿ. ಹಾಲಿಗೆ ಕುಳ್ಳೇ ಬೇಕು.

ಕುಳ್ಳಿನ ಕೆಂಡದ ಮೇಲೆ ಹಾಲಿನ ಗಡಿಗೆ ಗಂಟೆಗಟ್ಟಲೆ ಕೂತಿರುತ್ತಿತ್ತು. ಹಾಲು ಉಕ್ಕುತ್ತಿರಲಿಲ್ಲ, ಮೇಲೆ ದಪ್ಪ ಕೆನೆ ಕಟ್ಟಿ, ಬಣ್ಣ ನಸುಗೆಂಪಿಗೆ ತಿರುಗುತ್ತಿತ್ತು. ಸಂಜೆ ಗಡಿಗೆಯನ್ನು ಇಳಿಸಿ, ಕಿರುಬೆರಳು ಅದ್ದಿ ನೋಡುತ್ತಿದ್ದರು. ಬೆರಳು ಸುಡಬಾರದು, ಬಿಸಿ ಮಾತ್ರ ತಿಳಿಯಬೇಕು. ಆಮೇಲೆ ಹೆಪ್ಪು. ಬೇಸಿಗೆಯಲ್ಲಿ ನಾಲ್ಕು ಹನಿ ಸಾಕಾಗುವ ಕಡೆ ಚಳಿಗಾಲಕ್ಕೆ ಒಂದು ಚಮಚ. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಗಡಿಗೆಯನ್ನು ಒಲೆಯ ಮಗ್ಗುಲಿಗೆ ಸರಿಸಿಡುತ್ತಿದ್ದರು. ಬೂದಿ ಮುಚ್ಚಿದ್ದರಿಂದ ಎರಡು ಲಾಭ: ಬೆಳಗಿನ ಒಲೆಗೆ ಕೆಂಡ ಉಳಿಯುತ್ತಿತ್ತು, ರಾತ್ರಿ ಕಿಡಿ ಹಾರುತ್ತಿರಲಿಲ್ಲ. ಕಿಡಿಯ ಭಯ ಸುಳ್ಳಲ್ಲ, ಮನೆಯ ಪಕ್ಕದಲ್ಲೇ ಜೋಳದ ಸೊಪ್ಪೆಯ ಬಣವೆ ಇರುತ್ತಿತ್ತು.

ಒಲೆಯ ಹತ್ತಿರ ಜಾಗ ಸಿಗದ ಗಡಿಗೆಗೆ ಕಂಬಳಿ. ಕುರುಬರು ನೇಯ್ದ ಕರಿ ಕಂಬಳಿಯ ಹಳೆಯ ತುಂಡೊಂದು ಇದಕ್ಕೆಂದೇ ಮೂಲೆಯಲ್ಲಿರುತ್ತದೆ. ಕಂಬಳಿಗೆ ತನ್ನದೆಂಬ ಬಿಸಿ ಇಲ್ಲ, ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಒಳಗಿನ ಕಾವನ್ನು ಹೊರಗೆ ಬಿಡುವುದಿಲ್ಲ, ಅಷ್ಟೆ. ಆದ್ದರಿಂದ ತಣ್ಣಗಿನ ಹಿಟ್ಟಿಗೆ ಎಷ್ಟು ಸುತ್ತು ಕಂಬಳಿ ಹೊದಿಸಿದರೂ ಪ್ರಯೋಜನ ಕಡಿಮೆ. ಜೋಳದ ರಾಶಿಯಲ್ಲೋ ಬತ್ತದ ಹೊಟ್ಟಿನಲ್ಲೋ ಪಾತ್ರೆಯನ್ನು ಹೂತಿಡುವ ಉಪಾಯಕ್ಕೂ ಇದೇ ತತ್ತ್ವ. ಮಣ್ಣಿನ ಮಾಳಿಗೆ ಮನೆಯೂ ಇದರಲ್ಲಿ ಪಾಲುದಾರ. ಮೊಳ ದಾಟಿದ ಗೋಡೆಗಳು ಹಗಲ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತಿದ್ದವು. ಕಿಟಕಿಗಳು ಇಲ್ಲವೆನ್ನುವಷ್ಟು ಕಿರಿದು. ಹುದುಗಿಗೆ ಬೇಕಾದ ಬೆಚ್ಚನೆಯ ಕೋಣೆಯನ್ನು ಬೇರೆ ಕಟ್ಟುವ ಅಗತ್ಯ ಅಲ್ಲಿ ಇರಲಿಲ್ಲ.

ಮುಚ್ಚಿದ ಜಾಗದ ಅಪಾಯವೂ ಈ ಸೀಮೆಗೆ ಗೊತ್ತಿತ್ತು, ಹಗೇವಿನಿಂದ. ಧಾನ್ಯ ತುಂಬಿಡಲು ನೆಲದೊಳಗೆ ತೋಡಿದ ಹಗೇವಿನಲ್ಲಿ ಜೋಳ ಉಸಿರಾಡುತ್ತದೆ. ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಬಾಯಿ ತೆರೆದ ಕೂಡಲೇ ಇಳಿದವರು ಮೇಲೆ ಬಾರದ ಪ್ರಸಂಗಗಳು ಹಲವು. ಅದಕ್ಕೇ ಬಾಯಿ ತೆರೆದು ಗಾಳಿಯಾಡಲು ಬಿಡುವುದು, ದೀಪ ಇಳಿಬಿಟ್ಟು ನೋಡುವುದು, ದೀಪ ಆರಿದರೆ ಕಾಯುವುದು.

ಜೋಳದ ನಾಡಿನಲ್ಲಿ ಹುಳಿಯೆಂದರೆ ಮೊದಲು ಅಂಬಲಿ, ಮಜ್ಜಿಗೆ. ಇಡ್ಲಿ, ದೋಸೆಗಳು ಬಹುಪಾಲು ಮನೆಗಳಿಗೆ ಹಬ್ಬದ ಮಾತು. ಬೆಳಗಿನ ತಿಂಡಿಗೆ ಮಂಡಕ್ಕಿಯ ಒಗ್ಗರಣಿ, ಮಿರ್ಚಿ. ಅವಕ್ಕೆ ಹಿಂದಿನ ರಾತ್ರಿಯ ತಯಾರಿಯೇ ಬೇಡ. ಸಿರುಗುಪ್ಪದ ಮಾತು ಸ್ವಲ್ಪ ಬೇರೆ. ವಿಜಯನಗರದ ಕಾಲದ ಕಾಲುವೆಗಳು ಅಲ್ಲಿ ತುಂಗಭದ್ರೆಯ ಮಗ್ಗುಲಿಗೆ ಬತ್ತದ ಗದ್ದೆ ಮಾಡಿದ್ದವು. ದೊಡ್ಡ ಬದಲಾವಣೆ ಬಂದದ್ದು 1953ರಲ್ಲಿ: ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿಯಿತು, ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಸಿರುಗುಪ್ಪ, ಕುರುಗೋಡುಗಳ ಸುತ್ತ ಬತ್ತ ಹೆಚ್ಚಿತು, ಅಕ್ಕಿ ಗಿರಣಿಗಳು ಎದ್ದವು. ಅಕ್ಕಿ ದಿನದ ಧಾನ್ಯವಾದಂತೆ ದೋಸೆ, ಪಡ್ಡು ವಾರದ ತಿಂಡಿಗಳಾದವು. ಹುಳಿ ಹಿಟ್ಟಿನ ಪಾತ್ರೆ ಮನೆಮನೆಗೂ ಬಂದದ್ದು ನೀರಾವರಿಯ ಬೆನ್ನಿಗೆ.

ವಿಚಿತ್ರವೆಂದರೆ, ಪಾತ್ರೆ ಬಂದ ಕೆಲವೇ ದಶಕಗಳಲ್ಲಿ ಒಲೆ ಹೋಯಿತು. ಸೀಮೆಎಣ್ಣೆ ಸ್ಟೋವ್ ಮತ್ತು ಗ್ಯಾಸ್ ಆರಿಸಿದ ಕ್ಷಣಕ್ಕೆ ತಣ್ಣಗಾಗುತ್ತವೆ. ಅವುಗಳ ಮಗ್ಗುಲಲ್ಲಿ ರಾತ್ರಿ ಕಳೆಯುವ ಕೆಂಡವಿಲ್ಲ. ಮಾಳಿಗೆಯ ಜಾಗಕ್ಕೆ ಆರ್‌ಸಿಸಿ ಮನೆ ಬಂತು. ಫ್ರಿಜ್‌ನಲ್ಲಿಟ್ಟ ತಣ್ಣನೆಯ ಉದ್ದು, ತಣ್ಣನೆಯ ನೀರು ಹಾಕಿ ರುಬ್ಬಿದ ಹಿಟ್ಟು ಚಳಿಗಾಲದಲ್ಲಿ ಇನ್ನಷ್ಟು ಹಿಂದೆ ಬೀಳುತ್ತದೆ.

ಹೋದ ಕಾವಿನ ಜಾಗಕ್ಕೆ ಬಂದವುಗಳಲ್ಲಿ ಒಳ್ಳೆಯದು ಬಿಸಿನೀರು. ಬೆಚ್ಚಗಿನ ನೀರು ತುಂಬಿದ ಬೋಗುಣಿಯಲ್ಲಿ ಪಾತ್ರೆಯನ್ನಿಟ್ಟು ಮುಚ್ಚಿದರೆ ಕಾವು ಬರಬರುತ್ತ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಹಳೆಯ ಕೆಂಡದ ಗುಣವೂ ಅದೇ. ಇನ್ನೊಂದು, ಪೆಟ್ಟಿಗೆಯೊಳಗೆ ಉರಿಯುವ ಬಲ್ಬು. ತಂತಿಯ ಹಳೆಯ ಬಲ್ಬು ತಾನು ಕುಡಿದ ವಿದ್ಯುತ್ತಿನ ಬಹುಪಾಲನ್ನು ಬೆಳಕಾಗಿಸದೆ ಬಿಸಿಯಾಗಿಸುತ್ತಿತ್ತು, ಹುದುಗಿನ ಪೆಟ್ಟಿಗೆಗೆ ಬೇಕಾದದ್ದು ಆ ದೋಷವೇ. ಎಲ್‌ಇಡಿ ಬಂದ ಮೇಲೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿತು. ಬಲ್ಬಿನ ಪೆಟ್ಟಿಗೆ ಕಂಬಳಿಯಷ್ಟು ಸಾಧುವಲ್ಲ. ಬಟ್ಟೆ, ರಟ್ಟು, ಥರ್ಮಾಕೋಲ್ ಬಿಸಿ ಗಾಜಿಗೆ ತಾಗಿದರೆ ಕರಗುತ್ತವೆ, ಹೊತ್ತಿಕೊಳ್ಳುತ್ತವೆ. ಪಾತ್ರೆ ತುಳುಕಿ ಹಿಟ್ಟು ಹೋಲ್ಡರಿಗೆ ಬಿದ್ದರೆ ಶಾಕ್. ಹೀಟರನ್ನೇ ಬಳಸುವವರಿಗೆ ಗೊತ್ತುಪಡಿಸಿದ ಕಾವಿಗೆ ತಾನಾಗಿ ಆರುವ ಥರ್ಮೋಸ್ಟಾಟ್, ಅರ್ಥಿಂಗ್ ಇರುವ ಪ್ಲಗ್ಗು, ಗಾಳಿಗೆ ಒಂದು ಕಿಂಡಿ ಬೇಕೇಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅದರ ಇಂಗಾಲದ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಹಳೆಯ ಅಡುಗೆಮನೆಯ ಕೆಂಡದ ಹೊಗೆ, ಗಾಳಿ ಹೊರಹೋಗಲು ಮಾಳಿಗೆಯಲ್ಲಿ ಬೆಳಕಿಂಡಿ ಇತ್ತೆಂಬುದನ್ನು ಮರೆತು ಹಳೆಯ ಉಪಾಯವನ್ನು ಮಾತ್ರ ಎತ್ತಿಕೊಂಡರೆ ಹೀಗಾಗುತ್ತದೆ.

ಮನೆಯಲ್ಲೇ ಬಿಯರ್ ಮಾಡುವ ಚಳಿದೇಶಗಳವರೂ ಇಂಥ ಹುದುಗಿನ ಪೆಟ್ಟಿಗೆ ಬಳಸುತ್ತಾರೆ. ಈ ಸೀಮೆಯ ಸೇಂದಿಗೆ ಪೆಟ್ಟಿಗೆ ಬೇಕಾಗಿರಲಿಲ್ಲ; ಈಚಲ ಮರದಿಂದ ಇಳಿಸುವಾಗಲೇ ಅದು ನೊರೆಗಟ್ಟಿರುತ್ತಿತ್ತು.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಓಡುತ್ತದೆನ್ನುತ್ತಾರೆ. ಬಳ್ಳಾರಿಯಲ್ಲಿ ಅದು ಅದಕ್ಕೂ ಮೊದಲೇ ಓಡಿರುತ್ತದೆ. ಯುಗಾದಿಯ ಹೊತ್ತಿಗೆ ಕಂಬಳಿಯ ತುಂಡು ಬಿಸಿಲಿಗೆ ಒಣಗಿ ಮೂಲೆ ಸೇರುತ್ತದೆ. ಮೊಸರಿನ ಗಡಿಗೆ, ಹುಳಿ ಏರದಂತೆ, ಒದ್ದೆ ಮರಳಿನ ಮೇಲೆ ಕೂರುತ್ತದೆ.